ಎಣಿಕೆಗೆ ಸಿಗದ ನಿಷ್ಠೆ: ಅಬ್ಬೆ ದ್ಯುಬುವಾ ಅವರ ಪತ್ರಗಳ ಮರುಓದು

1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಪುಸ್ತಕ ಕನ್ನಡ ನಾಡಿನ ಧರ್ಮಸಭೆಯ ಚರಿತ್ರೆಗೆ ನೇರವಾಗಿ ಸಂಬಂಧಿಸಿದೆ. ಆದರೂ ನಮ್ಮ ಗುರುಮಠಗಳಲ್ಲಿ ಅದನ್ನು ಓದಿದವರು ವಿರಳ. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು ಎಂಬುದು ಅದರ ಹೆಸರಿನ ಕನ್ನಡ ರೂಪ. ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಆಗದ ಕೆಲಸವೆಂಬ ತೀರ್ಮಾನವನ್ನು ಅದರ ಮುಖಪುಟವೇ ಸಾರುತ್ತದೆ. ಇದನ್ನು ಬರೆದವರು ಧರ್ಮಸಭೆಯ ಹೊರಗೆ ನಿಂತ ಟೀಕಾಕಾರರಲ್ಲ. ಮೂವತ್ತು ವರ್ಷಗಳ ಕಾಲ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಹೆಚ್ಚಿನ ವರ್ಷಗಳನ್ನು ಮೈಸೂರು ಸೀಮೆಯಲ್ಲಿ ಕಳೆದು, ಬಲಿಪೂಜೆ ಅರ್ಪಿಸಿ ಶುಭಸಂದೇಶ ಸಾರಿದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಯಾಜಕರು ಝಾಂ ಆಂತ್ವಾನ್ ದ್ಯುಬುವಾ. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆಯುತ್ತಿದ್ದರು.

ನಾವು ದ್ಯುಬುವಾ ಅವರನ್ನು ಎರಡು ಕಾರಣಗಳಿಗಾಗಿ ನೆನೆಯುತ್ತೇವೆ: ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದ್ದಕ್ಕಾಗಿ ಮತ್ತು ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥಕ್ಕಾಗಿ. ಆ ಗ್ರಂಥದ ಬಹುಭಾಗ ಹದಿನೆಂಟನೆಯ ಶತಮಾನದ ಯೇಸುಸಭೆಯ ಗುರು ಕೊರ್ದು ಅವರ ಬರವಣಿಗೆಯನ್ನು ಅವಲಂಬಿಸಿದೆ ಎಂಬುದನ್ನು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ಕಳೆದ ಶತಮಾನದಲ್ಲಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ದ್ಯುಬುವಾ ಅವರ ಸ್ವಂತ ದನಿಯನ್ನು ಕೇಳಬೇಕೆನ್ನುವವರು ಪತ್ರಗಳಿಗೇ ಬರಬೇಕು. ಅಲ್ಲಿ ಕೇಳಿಸುವುದು ದಣಿದ ಯಾಜಕರೊಬ್ಬರ ದನಿ.

ಈ ಪತ್ರಗಳನ್ನು ಸೋತವರ ಗೋಳೆಂದು ಬದಿಗಿಡುವುದು ಸುಲಭ. ನಿರ್ಭೀತ ಸತ್ಯನುಡಿಯೆಂದು ಹೊಗಳುವುದೂ ಅಷ್ಟೇ ಸುಲಭ. ಎರಡೂ ಓದುಗಳು ಪುಸ್ತಕದ ಮುಖ್ಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತವೆ. ಫಲವೇ ಕಾಣದ ಸೇವೆಯಲ್ಲಿ ಯಾಜಕನ ನಿಷ್ಠೆಯನ್ನು ಯಾವುದರಿಂದ ಅಳೆಯಬೇಕು? ಈ ಲೇಖನದ ನಿಲುವು ಇಷ್ಟು: ಸೋಲನ್ನು ಮುಚ್ಚಿಡದೆ ಹೇಳಿದ್ದು ದ್ಯುಬುವಾ ಅವರ ನಿಷ್ಠೆಯ ಗುರುತು. ಆದರೆ ಆ ಸೋಲಿನ ಹೊರೆಯನ್ನು ತಮ್ಮ ಬಡ ಮಂದೆಯ ತಲೆಗೆ ಹೊರಿಸಿದ ಕಡೆಯಲ್ಲಿ ಆ ನಿಷ್ಠೆ ಬಿರುಕುಬಿಟ್ಟಿತು. ಈ ಎರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಯದಿದ್ದರೆ ಅದೇ ಬಿರುಕು ನಮ್ಮ ಬೋಧನೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಯಾಜಕ ಮತ್ತು ಕಾಲ

ದ್ಯುಬುವಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತದ ಕಡೆಗೆ ಹೊರಟರು. ಅತ್ತ ಫ್ರಾನ್ಸಿನಲ್ಲಿ ಕ್ರಾಂತಿಯು ಯಾಜಕರನ್ನು ಬೇಟೆಯಾಡುತ್ತಿತ್ತು. ಇತ್ತ ಅವರು ಬಂದು ಸೇರಿದ ಮಿಷನ್ ಕುಸಿಯುತ್ತಿತ್ತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಮಲಬಾರ್ ಆಚರಣೆಗಳ ವಿವಾದಕ್ಕೆ ತೆರೆಯೆಳೆದು, ದೇಶೀಯ ಸಂಪ್ರದಾಯಗಳಿಗೆ ಯೇಸುಸಭೆಯ ಗುರುಗಳು ಕೊಟ್ಟಿದ್ದ ಎಡೆಯನ್ನು ಕಿರಿದುಗೊಳಿಸಿದ್ದರು. 1773ರಲ್ಲಿ ಯೇಸುಸಭೆಯೇ ರದ್ದಾಯಿತು. 1776ರಲ್ಲಿ ಅವರ ಕರ್ನಾಟಿಕ್ ಮಿಷನ್ ಪ್ಯಾರಿಸ್ ಸಂಸ್ಥೆಯ ಕೈಗೆ ಬಂತು. ಕ್ರಾಂತಿಯ ನಂತರ ಯೂರೋಪಿನಿಂದ ಹೊಸ ಯಾಜಕರು ಬರುವುದು ಬಹುತೇಕ ನಿಂತುಹೋಯಿತು. ಈ ಕಾರಣಗಳನ್ನು ದ್ಯುಬುವಾ ಅವರೇ ಪತ್ರಗಳಲ್ಲಿ ವಿಶ್ಲೇಷಿಸುತ್ತಾರೆ. ಆಚರಣೆಗಳ ವಿವಾದ, ಯಾಜಕರ ಕೊರತೆ, ಯೂರೋಪಿಯನ್ನರ ನಡತೆ ಎಂದು ಒಂದೊಂದನ್ನೇ ತೂಗಿ ನೋಡುವ ಈ ಪುಟಗಳು ಪುಸ್ತಕದ ಗಟ್ಟಿ ಭಾಗ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅವರು ಮೈಸೂರಿಗೆ ಬಂದರು. ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸುವುದು ಅವರಿಗೆ ವಹಿಸಿದ್ದ ಕೆಲಸ. ಅವರು ದೇಶೀಯ ಉಡುಪು ತೊಟ್ಟರು, ದೇಶೀಯ ಆಹಾರ ಉಂಡರು, ಊರಿಂದೂರಿಗೆ ಅಲೆದರು. ನೆಲೆ ತಪ್ಪಿದ ಕುಟುಂಬಗಳಿಗಾಗಿ ಹಾಸನದ ಕಡೆ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿನ ಲಸಿಕೆ ಈ ಸೀಮೆಗೆ ಹೊಸದಾಗಿದ್ದಾಗ ಜನರ ಮನವೊಲಿಸಿ ಹಾಕಿಸಿದರು. 1823ರ ಆರಂಭದಲ್ಲಿ, ಐವತ್ತೇಳರ ಹರೆಯದಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ನಿವೃತ್ತಿವೇತನದೊಂದಿಗೆ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪತ್ರಗಳು ಹೊರಬಂದವು.

ಪತ್ರಗಳ ವಾದ

ಮೊದಲ ಪತ್ರ ಎರಡು ಪ್ರಶ್ನೆಗಳನ್ನು ಎತ್ತುತ್ತದೆ. ಭಾರತದ ಜನರಲ್ಲಿ ನಿಜವಾದ ಕ್ರೈಸ್ತರನ್ನು ಪಡೆಯುವುದು ಸಾಧ್ಯವೇ? ಅದಕ್ಕಾಗಿ ಹಿಡಿದಿರುವ ದಾರಿಗಳು, ಮುಖ್ಯವಾಗಿ ದೇಶಭಾಷೆಗಳಿಗೆ ಪವಿತ್ರ ಗ್ರಂಥದ ಅನುವಾದ, ಆ ಗುರಿಯನ್ನು ಮುಟ್ಟಿಸಬಲ್ಲವೇ? ಎರಡಕ್ಕೂ ದ್ಯುಬುವಾ ಅವರ ಉತ್ತರ ಇಲ್ಲ ಎಂಬುದೇ. ಮತಾಂತರದ ಕಾಲ ಕಳೆದುಹೋಗಿದೆ, ಅದನ್ನು ಮರಳಿ ತರುವ ಮಾನುಷ ಸಾಧ್ಯತೆ ಉಳಿದಿಲ್ಲ ಎಂದು ಅವರು ಬರೆಯುತ್ತಾರೆ.

ಪುಸ್ತಕದ ಸಂದರ್ಭವನ್ನು ಗಮನದಲ್ಲಿಡಬೇಕು. 1813ರ ಸನ್ನದು ಕಾಯಿದೆ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ ಮಿಷನರಿಗಳು ಬರುವ ದಾರಿಯನ್ನು ತೆರೆದಿತ್ತು. 1804ರಲ್ಲಿ ಸ್ಥಾಪನೆಯಾಗಿದ್ದ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿಯ ನೆರವಿನಲ್ಲಿ ಶ್ರೀರಾಮಪುರದ ಮಿಷನರಿಗಳು ಅನುವಾದದ ಮೇಲೆ ಅನುವಾದ ಪ್ರಕಟಿಸುತ್ತಿದ್ದರು. ಇಂಗ್ಲೆಂಡಿನ ಸಭೆಗಳಲ್ಲಿ ಯಶಸ್ಸಿನ ವರದಿಗಳು ಓದಲ್ಪಡುತ್ತಿದ್ದವು, ಚಂದಾ ಹಣ ಹರಿದು ಬರುತ್ತಿತ್ತು. ಈ ಉತ್ಸಾಹದ ನಡುವೆ ದ್ಯುಬುವಾ ತಮ್ಮ ಲೆಕ್ಕವನ್ನು ತೆರೆದಿಟ್ಟರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಪ್ರಚಾರಕರ ನೆರವು ಪಡೆದು, ತಾವು ಸಭೆಗೆ ಸೇರಿಸಿಕೊಂಡ ಹೊಸಬರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ಒಪ್ಪಿಕೊಂಡರು.

ಈ ಒಪ್ಪಿಗೆಯಲ್ಲಿ ಒಂದು ಘನತೆಯಿದೆ. ತನ್ನ ಸೇವೆಯ ಲೆಕ್ಕವನ್ನು ಹಿಗ್ಗಿಸಿ ಬರೆಯುವ ಪ್ರಲೋಭನೆ ಅಂದಿನ ಮಿಷನರಿಗೆ ಮಾತ್ರ ಇದ್ದದ್ದಲ್ಲ. ವರ್ಷಾಂತ್ಯದ ವರದಿ ಬರೆಯುವ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವಿಗೂ ಅದು ಗೊತ್ತು. ನವೇನಕ್ಕೆ ಬಂದವರು ನೂರು ಜನರಾದರೆ ಬರವಣಿಗೆಯಲ್ಲಿ ಅದು ಜನಸಾಗರವಾಗುತ್ತದೆ. ದ್ಯುಬುವಾ ಅದನ್ನು ಮಾಡಲಿಲ್ಲ. ತಮ್ಮ ಬದುಕಿನ ಅತ್ಯುತ್ತಮ ವರ್ಷಗಳು ನಿಷ್ಫಲವಾದವೆಂದು ತಮ್ಮದೇ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಇಂಥ ಪ್ರಾಮಾಣಿಕತೆ ಇಲ್ಲದೆ ನಿಷ್ಠೆಯ ಮಾತೇ ಬರುವುದಿಲ್ಲ, ಏಕೆಂದರೆ ಶುಭಸಂದೇಶವನ್ನು ಸಾರುವವರು ಮೊದಲು ಸತ್ಯಕ್ಕೆ ಸಾಕ್ಷಿಗಳು.

ಅಳತೆಗೋಲಿನ ತೊಡಕು

ತೊಡಕು ಶುರುವಾಗುವುದು ಅಳತೆಗೋಲಿನಲ್ಲಿ. ದ್ಯುಬುವಾ ತಮ್ಮ ಸಂಯಮ, ಕಷ್ಟ, ದೇಶೀಯ ಬದುಕನ್ನು ಅಪ್ಪಿಕೊಂಡದ್ದು ಎಲ್ಲವನ್ನೂ ಹೇಳುವಾಗ ಸಂತ ಪೌಲರ ಮಾತೊಂದನ್ನು ತಮ್ಮದಾಗಿಸಿಕೊಳ್ಳುತ್ತಾರೆ: ಕೆಲವರನ್ನಾದರೂ ರಕ್ಷಿಸಲೆಂದು ಎಲ್ಲರಿಗೂ ಎಲ್ಲವೂ ಆಗುವ ಮಾತು. ಬಳಿಕ, ಇಷ್ಟಾದರೂ ಜನರನ್ನು ಸೇರಿಸಿಕೊಳ್ಳಲು ಇದಾವುದೂ ನೆರವಾಗಲಿಲ್ಲ ಎಂದು ಮುಗಿಸುತ್ತಾರೆ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯವನ್ನು ಮುಂದಿಟ್ಟುಕೊಂಡು ಈ ವಾಕ್ಯವನ್ನು ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪೌಲರು ತಮ್ಮ ಹೊಂದಾಣಿಕೆಯನ್ನು ಒಂದು ತಂತ್ರವಾಗಿ ಮುಂದಿಡುವುದಿಲ್ಲ. ಶುಭಸಂದೇಶದಲ್ಲಿ ತಾವೂ ಪಾಲುಗಾರರಾಗುವುದಕ್ಕಾಗಿ ಹಾಗೆ ಮಾಡುತ್ತಿರುವುದಾಗಿ ಹೇಳುತ್ತಾರೆ. ಆ ಅಧ್ಯಾಯ ಮುಗಿಯುವುದು ಇತರರಿಗೆ ಸಾರಿದ ಮೇಲೆ ತಾವೇ ಅನರ್ಹರಾಗಬಾರದೆಂಬ ಎಚ್ಚರದಲ್ಲಿ. ಕೇಳುಗರು ಎಷ್ಟು ಮಂದಿ ಒಲಿದರು ಎಂಬ ಲೆಕ್ಕ ಅಲ್ಲಿಲ್ಲ. ಕೆಲವರು ಎಂಬ ಪದಕ್ಕೆ ಪೌಲರು ಯಾವ ಸಂಖ್ಯೆಯನ್ನೂ ಕಟ್ಟಲಿಲ್ಲ. ದ್ಯುಬುವಾ ಅವರಿಗೂ ಕೆಲವರು ದೊರಕಿದ್ದರು, ಇನ್ನೂರಕ್ಕೂ ಹೆಚ್ಚು. ಆದರೆ ಅವರು ಬಯಸಿದ್ದ ಕೆಲವರು ಇವರಾಗಿರಲಿಲ್ಲ.

ಮಾನುಷ ಸಾಧ್ಯತೆ ಉಳಿದಿಲ್ಲ ಎಂಬ ತೀರ್ಮಾನವನ್ನೂ ಹೀಗೆಯೇ ಪರಿಶೀಲಿಸಬೇಕು. ಮಾನುಷ ಎಂಬ ಆ ಒಂದು ವಿಶೇಷಣದ ಮೇಲೆ ಧರ್ಮಶಾಸ್ತ್ರಜ್ಞ ನಿಲ್ಲಬೇಕಿತ್ತು. ಮನುಷ್ಯರ ಕೈಲಾಗದ್ದು ದೇವರಿಂದ ಆಗುತ್ತದೆಂದು ಯೇಸುಸ್ವಾಮಿ ಹೇಳಿದ್ದು ಇಂಥದೇ ಸಂದರ್ಭದಲ್ಲಿ, ಹಾಗಾದರೆ ರಕ್ಷಣೆ ಯಾರಿಗೆ ದೊರಕೀತು ಎಂದು ಶಿಷ್ಯರು ಬೆರಗಾದಾಗ. ದ್ಯುಬುವಾ ಆ ಬಾಗಿಲ ಬಳಿಗೆ ಬಂದು ಒಳಹೋಗದೆ ಬೇರೆಡೆಗೆ ತಿರುಗುತ್ತಾರೆ. ಈ ಜನ ದೈವವಾಣಿಗೆ ಮೊಂಡುತನದಿಂದ ಕಿವಿಮುಚ್ಚಿಕೊಂಡು ವರಪ್ರಸಾದಕ್ಕೆ ಅನರ್ಹರಾಗಿರಬೇಕು ಎಂಬ ಊಹೆಗೆ ಜಾರುತ್ತಾರೆ. ತನ್ನ ಶ್ರಮ ಫಲಿಸಲಿಲ್ಲವೆಂಬ ಅನುಭವವನ್ನು ದೇವರ ಗುಪ್ತ ಸಂಕಲ್ಪದ ಮಟ್ಟಕ್ಕೆ ಏರಿಸುವುದು ದಣಿದ ಬೋಧಕರಿಗೆ ಎದುರಾಗುವ ಅತ್ಯಂತ ಸೂಕ್ಷ್ಮ ಪ್ರಲೋಭನೆ. ನನ್ನ ಮಾತು ತಾಗಲಿಲ್ಲ ಎಂಬುದರಿಂದ ದೇವರು ಇವರನ್ನು ಕೈಬಿಟ್ಟಿದ್ದಾರೆ ಎಂಬಲ್ಲಿಗೆ ನೆಗೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಪ್ರವಾದಿ ಎಲೀಯ ಇದೇ ಜಾಗದಲ್ಲಿ ನಿಂತಿದ್ದರು. ಹೋರೇಬಿನ ಗವಿಯಲ್ಲಿ ಅವರು ದೇವರ ಮುಂದೆ ಮಂಡಿಸಿದ್ದು ಒಂದು ಲೆಕ್ಕವನ್ನೇ: ಉಳಿದಿರುವುದು ತಾನೊಬ್ಬನೇ ಎಂದು. ದೇವರ ಉತ್ತರ ಆ ಲೆಕ್ಕವನ್ನು ತಿದ್ದಿತು. ಪ್ರವಾದಿಯ ಕಣ್ಣಿಗೆ ಬೀಳದ ಏಳು ಸಾವಿರ ಮಂದಿ ಇದ್ದರು. ರೋಮನರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಸಂತ ಪೌಲರು ಈ ಪ್ರಸಂಗವನ್ನು ಎತ್ತಿಕೊಂಡು, ಎಲೀಯ ಇಸ್ರಯೇಲಿನ ವಿರುದ್ಧ ದೇವರ ಬಳಿ ವಾದಿಸಿದರು ಎನ್ನುತ್ತಾರೆ. ಜನರ ಪರವಾಗಿ ಬೇಡಬೇಕಾದ ಪ್ರವಾದಿ ಜನರ ವಿರುದ್ಧ ಮೊಕದ್ದಮೆ ಹೂಡಿದ್ದರು. ಎಲೀಯರಿಗಿದ್ದ ಒಂದು ಅನುಕೂಲ ಏನೆಂದರೆ, ಅವರು ದೂರು ಹೇಳಿದ್ದು ದೇವರಿಗೆ. ದ್ಯುಬುವಾ ಅವರ ದೂರು ಹೋದದ್ದು ಲಂಡನ್ನಿನ ಓದುಗರಿಗೆ.

ಮಂದೆಯ ಬಗ್ಗೆ ಆಡಿದ ಮಾತು

ಪುಸ್ತಕದ ಅತ್ಯಂತ ನೋವಿನ ಭಾಗ ಇನ್ನು ಮುಂದಿದೆ. ಆ ಇನ್ನೂರು ಮುನ್ನೂರು ಮಂದಿ ಯಾರೆಂದು ದ್ಯುಬುವಾ ವಿವರಿಸುತ್ತಾರೆ. ಮೂರರಲ್ಲಿ ಎರಡು ಪಾಲು, ಅಂದಿನ ಸಮಾಜ ಮುಟ್ಟಲೊಲ್ಲದ ಜಾತಿಯವರು ಇಲ್ಲವೇ ಭಿಕ್ಷುಕರು. ಉಳಿದವರು ಅಲೆಮಾರಿಗಳು, ಜಾತಿಯಿಂದ ಹೊರಹಾಕಲ್ಪಟ್ಟವರು, ಬೇರೆ ಗತಿಯಿಲ್ಲದೆ ಮದುವೆಗಾಗಿಯೋ ಇನ್ನಾವುದೋ ಲಾಭಕ್ಕಾಗಿಯೋ ಬಂದವರು. ಶುದ್ಧ ನಂಬಿಕೆಯಿಂದ ಮಾತ್ರ ಬಂದ ಒಬ್ಬರನ್ನೂ ತಾವು ನೆನಪಿಸಿಕೊಳ್ಳಲಾರೆವು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತಾರೆ. ಇವರಲ್ಲಿ ಹಲವರು ಬಿಟ್ಟುಹೋದರು, ಉಳಿದುಕೊಂಡವರೇ ತಮ್ಮ ಮಂದೆಯಲ್ಲಿ ಎಲ್ಲರಿಗಿಂತ ಕೆಟ್ಟವರು ಎಂದೂ ಸೇರಿಸುತ್ತಾರೆ. ಈ ಲೆಕ್ಕ ಕೊಡುವ ಭಾಗದಲ್ಲಿ ಒಬ್ಬರ ಹೆಸರೂ ಇಲ್ಲ. ನೆರವಾದ ಆ ದೇಶೀಯ ಪ್ರಚಾರಕರಿಗೂ ಹೆಸರಿಲ್ಲ.

ಸಂತ ಪೌಲರು ಕೊರಿಂಥದ ಸಭೆಯ ಬಗ್ಗೆ ಇದಕ್ಕಿಂತ ಕೆಟ್ಟ ಸಂಗತಿಗಳನ್ನು ಬರೆಯಬೇಕಾಗಿ ಬಂದಿತ್ತು. ಅಲ್ಲಿ ಪಂಗಡಗಳಿದ್ದವು, ಅನೈತಿಕ ಸಂಬಂಧವಿತ್ತು, ಪ್ರಭುಭೋಜನದಲ್ಲಿ ಬಡವರಿಗೆ ಅವಮಾನವಿತ್ತು. ಅದನ್ನೆಲ್ಲ ಪೌಲರು ಆ ಸಭೆಗೇ ಮುಖಾಮುಖಿ ಬರೆದರು. ಹೊರಗಿನವರು ಶಿಫಾರಸು ಪತ್ರ ಕೇಳಿದಾಗ, ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ಅದೇ ಜನರನ್ನು ತೋರಿಸಿ ಇವರೇ ನಮ್ಮ ಪತ್ರ, ಕ್ರಿಸ್ತರು ಬರೆದ ಪತ್ರ ಎಂದರು. ದ್ಯುಬುವಾ ಅವರ ಪುಸ್ತಕದ ಹೆಸರು ಪತ್ರಗಳು ಎಂದಿರುವಾಗ ಈ ಹೋಲಿಕೆಯನ್ನು ತಪ್ಪಿಸಿಕೊಳ್ಳಲಾಗದು. ಮೈಸೂರಿನ ಆ ಬಡವರು ದೊಡ್ಡಸ್ವಾಮಿಯ ಪತ್ರವಾಗಬಹುದಿತ್ತು. ಅವರು ದೊಡ್ಡಸ್ವಾಮಿಯ ಸೋಲಿನ ಸಾಕ್ಷ್ಯವಾದರು. ಅದೂ ಅವರಿಗೆ ಓದಲಾಗದ ಭಾಷೆಯಲ್ಲಿ, ಉತ್ತರ ಕೊಡಲಾಗದ ದೂರದಲ್ಲಿ.

ಬೆರಕೆ ಉದ್ದೇಶಗಳಿಂದ ಬಂದವರ ವಿಷಯದಲ್ಲಿ ಧರ್ಮಸಭೆಗೆ ಹಳೆಯ ಅನುಭವವಿದೆ. ಕ್ರಿ.ಶ. 400ರ ಸುಮಾರಿನಲ್ಲಿ ಕಾರ್ಥೇಜಿನ ಸೇವಾದರ್ಶಿ ದೆಯೊಗ್ರಾಸಿಯಸ್ ತಮ್ಮ ಬೋಧನೆ ತಮಗೇ ಬೇಸರ ತರಿಸುತ್ತಿದೆಯೆಂದು ಸಂತ ಅಗಸ್ಟೀನರಿಗೆ ತೋಡಿಕೊಂಡರು. ಅದಕ್ಕೆ ಉತ್ತರವಾಗಿ ಬಂದದ್ದು ಹೊಸಬರಿಗೆ ಧರ್ಮೋಪದೇಶ ಮಾಡುವ ಬಗೆಯನ್ನು ಕುರಿತ ಕಿರುಗ್ರಂಥ. ಲೌಕಿಕ ಲಾಭಕ್ಕಾಗಿ ಬಂದವರನ್ನು ಅಗಸ್ಟೀನರು ಹಿಂದಕ್ಕೆ ಕಳಿಸುವುದಿಲ್ಲ. ಆ ಮನುಷ್ಯ ಏನನ್ನು ನಟಿಸುತ್ತಿದ್ದಾನೋ ಅದನ್ನೇ ನಿಜವಾಗಿ ಬಯಸುವಂತೆ ಅವನನ್ನು ಕರೆದೊಯ್ಯಬೇಕು ಎನ್ನುತ್ತಾರೆ. ಎಷ್ಟು ಹೇಳಿದರೂ ಮನಸ್ಸಿಗೆ ಹತ್ತದ ಕೇಳುಗ ಎದುರಿಗಿದ್ದರೆ, ದೇವರ ಬಗ್ಗೆ ಅವನಿಗೆ ಹೇಳುವುದಕ್ಕಿಂತ ಅವನ ಬಗ್ಗೆ ದೇವರಿಗೆ ಹೆಚ್ಚು ಹೇಳಬೇಕೆಂಬ ಅವರ ಸಲಹೆ ನಮ್ಮ ಪ್ರಬೋಧನಾ ತರಗತಿಗಳ ಗೋಡೆಯ ಮೇಲೆ ಇರಬೇಕಾದದ್ದು. ಬೋಧಕರ ಬೇಸರಕ್ಕೆ ಅಗಸ್ಟೀನರು ಕೇಳುಗರಲ್ಲಿ ಮಾತ್ರ ಕಾರಣ ಹುಡುಕುವುದಿಲ್ಲ. ಬೋಧಕರ ಒಳಗನ್ನೂ ಶೋಧಿಸಿ, ಅಲ್ಲಿ ಪ್ರೀತಿಯ ಸಂತೋಷ ಬತ್ತಿದೆಯೇ ಎಂದು ಕೇಳುತ್ತಾರೆ. ಪತ್ರಗಳಲ್ಲಿ ಕಾಣದಿರುವುದು ಈ ಒಳಶೋಧನೆ.

ಶ್ರೀರಂಗಪಟ್ಟಣದ ಸೆರೆಯನ್ನು ಕುರಿತ ಪುಟಗಳಲ್ಲಿ ಈ ಕೊರತೆ ಇನ್ನೂ ಸ್ಪಷ್ಟವಾಗಿದೆ. ಎರಡನೆಯ ಆಂಗ್ಲ ಮೈಸೂರು ಯುದ್ಧ ಕೊನೆಗೊಂಡ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಎಷ್ಟು ಜನ ಎಂಬುದರ ಬಗ್ಗೆ ಅಂದಾಜುಗಳು ಬೇರೆಬೇರೆ. ದ್ಯುಬುವಾ ಕೊಡುವ ಸಂಖ್ಯೆ 60,000. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬರೂ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ರಕ್ತಸಾಕ್ಷಿಯಾಗುವ ಧೈರ್ಯ ತೋರಲಿಲ್ಲ ಎಂದು ಅವರು ಬರೆಯುತ್ತಾರೆ. ಮಂಗಳೂರಿನ ಕ್ರೈಸ್ತರ ನೆನಪಿನಲ್ಲಿ ಆ ದಾರಿ ಮತ್ತು ಆ ಸೆರೆ ಸಾವುಗಳಿಂದ ತುಂಬಿದೆ. ದ್ಯುಬುವಾ ಅವರ ವಾಕ್ಯಕ್ಕೆ ಆ ಸಾವುಗಳ ಭಾರ ತಟ್ಟಿಲ್ಲ. ಹಾಗಿದ್ದರೂ ಬದುಕುಳಿದವರು ಅವಕಾಶ ಸಿಕ್ಕೊಡನೆ ಮರಳಿ ಸಭೆಗೆ ಬಂದರು, ಅವರ ಧರ್ಮತ್ಯಾಗ ಹೊರಗಿನದಾಗಿತ್ತು ಎಂಬುದನ್ನು ಅವರೇ ದಾಖಲಿಸುತ್ತಾರೆ.

ಇಲ್ಲಿ ಕಾರ್ಥೇಜಿನ ಸಂತ ಸಿಪ್ರಿಯಾನರ ನೆನಪಾಗುತ್ತದೆ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ಬಲಿಯರ್ಪಿಸಿದ ಸಾವಿರಾರು ಕ್ರೈಸ್ತರನ್ನು ಏನು ಮಾಡಬೇಕೆಂಬ ಪ್ರಶ್ನೆ ಅವರ ಮುಂದಿತ್ತು. ನೊವಾಷಿಯನ್ ಅಂಥವರಿಗೆ ಬಾಗಿಲು ಮುಚ್ಚಿದರು. ಸಿಪ್ರಿಯಾನರು ಪ್ರಾಯಶ್ಚಿತ್ತದ ದಾರಿಯನ್ನು ತೆರೆದಿಟ್ಟರು. ಬಿದ್ದವರ ಬಗ್ಗೆ ಅವರು ಬರೆದ ಗ್ರಂಥದಲ್ಲಿ ಕಠೋರ ಮಾತುಗಳಿವೆ, ಆದರೆ ಅವುಗಳಲ್ಲಿ ತನ್ನದೇ ಅಂಗಗಳು ಗಾಯಗೊಂಡವರ ನರಳಾಟವಿದೆ. ದ್ಯುಬುವಾ ಮೈಸೂರಿನಲ್ಲಿ ಮಾಡಿದ್ದು ಸಿಪ್ರಿಯಾನರ ಕೆಲಸ: ಚದುರಿದವರನ್ನು ಹುಡುಕಿ, ಬಾಗಿಲು ತೆರೆದು, ಮತ್ತೆ ಸಭೆಯಾಗಿ ಕೂಡಿಸಿದರು. ಪುಸ್ತಕ ಬರೆಯುವ ಹೊತ್ತಿಗೆ ಅವರ ಲೇಖನಿಗೆ ನೊವಾಷಿಯನ್ನರ ನುಡಿ ಬಂತು.

ಪುಸ್ತಕವನ್ನು ಮೀರಿದ ಬದುಕು

ಈ ವಿರೋಧವೇ ದ್ಯುಬುವಾ ಅವರನ್ನು ಮತ್ತೆ ಮತ್ತೆ ಓದಿಸುತ್ತದೆ. ಪತ್ರಗಳ ಕೊನೆಯಲ್ಲಿ ಅವರು ಹಿಂದೂ ಗಂಡಸರು ಮತ್ತು ಹೆಂಗಸರ ಪರವಾಗಿ ಒಂದು ಸಮರ್ಥನೆಯನ್ನು ಸೇರಿಸಿದ್ದಾರೆ. ಒಬ್ಬ ಮಿಷನರಿ ಭಾರತೀಯರ ಶೀಲದ ಮೇಲೆ ಮಾಡಿದ ಕಟು ದಾಳಿಗೆ ಅದು ಉತ್ತರ. ಇಡೀ ಜನಾಂಗವನ್ನು ಕೆಲವು ದುರುದಾಹರಣೆಗಳಿಂದ ತೀರ್ಮಾನಿಸಬಾರದೆಂಬ ಅವರ ವಾದ ನ್ಯಾಯವಾದದ್ದು. ತಮ್ಮ ಬೋಧನೆಯನ್ನು ಒಪ್ಪದವರ ಮಾನಕ್ಕಾಗಿ ಹೀಗೆ ನಿಂತ ಯಾಜಕರು, ತಮ್ಮ ಬೋಧನೆಯನ್ನು ಒಪ್ಪಿ ಬಂದ ಬಡವರ ಮಾನಕ್ಕಾಗಿ ಅದೇ ನ್ಯಾಯವನ್ನು ಬಳಸಲಿಲ್ಲ. ಅವರು ಮೈಸೂರಿನಲ್ಲಿ ಕಂಡ ಜಾತಿವ್ಯವಸ್ಥೆಯ ಕಣ್ಣು ಅವರ ಕಣ್ಣಾಗಿಬಿಟ್ಟಿತ್ತೇ ಎಂಬ ಶಂಕೆ ಇಲ್ಲಿ ಮೂಡುತ್ತದೆ. ಉಚ್ಚವರ್ಣದವರು ಬರಲಿಲ್ಲವೆಂಬುದು ಅವರಿಗೆ ಸೋಲು. ಕೆಳಗಿನವರು ಬಂದರೆಂಬುದು ಗೆಲುವಾಗಿ ಕಾಣಲಿಲ್ಲ. ಲೋಕದ ಕಣ್ಣಿಗೆ ಕೀಳಾದವರನ್ನೇ ದೇವರು ಆರಿಸಿಕೊಂಡರೆಂದು ಕೊರಿಂಥದವರಿಗೆ ಬರೆದ ಪೌಲರ ಮಾತನ್ನು ಅವರು ಅರಿಯದವರಲ್ಲ. ಅದನ್ನು ತಮ್ಮ ಸುತ್ತಲಿನ ಮುಖಗಳಲ್ಲಿ ಗುರುತಿಸಲಾರದೆ ಹೋದರು.

ಆದರೂ ಬದುಕು ಪುಸ್ತಕಕ್ಕಿಂತ ದೊಡ್ಡದಾಗಿತ್ತು. ಫಲವಿಲ್ಲವೆಂದು ಮನಸ್ಸಿನಲ್ಲಿ ತೀರ್ಮಾನವಾದ ಮೇಲೆಯೂ ಅವರು ಹಲವು ವರ್ಷ ಮೈಸೂರಿನಲ್ಲೇ ಇದ್ದು ಸೇವೆ ಮುಂದುವರಿಸಿದರು. ಫ್ರಾನ್ಸಿಗೆ ಮರಳಿದ ಮೇಲೆ ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ದುಡಿದರು, ಕೆಲಕಾಲ ಅದರ ಶ್ರೇಷ್ಠರೂ ಆಗಿದ್ದರು. 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗದ ಕೆಲಸವೆಂದು ಅಚ್ಚು ಹಾಕಿಸಿದ ಅದೇ ವ್ಯಕ್ತಿ ಏಷ್ಯಾ ಖಂಡಕ್ಕೆ ಹೊರಡುವ ಯುವ ಯಾಜಕರನ್ನು ರೂಪಿಸುವ ಮನೆಯಲ್ಲಿ ತನ್ನ ಕೊನೆಯ ವರ್ಷಗಳನ್ನು ಕಳೆದರು. ಇದನ್ನು ಅಸಂಗತಿ ಎಂದು ಕರೆಯಬಹುದು. ನನಗೆ ಇದು ಪತ್ರಗಳಲ್ಲಿ ಬರೆಯಲಾಗದೆ ಹೋದ ಕೊನೆಯ ಪತ್ರದಂತೆ ತೋರುತ್ತದೆ.

ಪತ್ರಗಳಿಗೆ 1824ರಲ್ಲಿಯೇ ಪ್ರೊಟೆಸ್ಟೆಂಟ್ ಮಿಷನರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಪ್ರತ್ಯೇಕ ಉತ್ತರಗಳನ್ನು ಪ್ರಕಟಿಸಿದರು. ಕಥೋಲಿಕರ ಸೋಲು ಕಥೋಲಿಕರ ವಿಧಾನದ ಸೋಲು, ತಮ್ಮ ವಿಧಾನ ಫಲಿಸುತ್ತದೆ ಎಂಬ ಧಾಟಿಯ ವಾದ ಅದು. ವಾದದ ಎರಡು ಕಡೆಯವರೂ ಒಂದೇ ಅಳತೆಗೋಲನ್ನು ಹಿಡಿದಿದ್ದರು. ನ್ಯಾಯ ಹೇಳಬೇಕಾದರೆ, ನಾವೂ ಅದನ್ನು ಕೆಳಗಿಟ್ಟಿಲ್ಲ. 1850ರಲ್ಲಿ ಮೈಸೂರು ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು, ಅದರಿಂದ 1940ರಲ್ಲಿ ಬೆಂಗಳೂರು, 1963ರಲ್ಲಿ ಹಾಸನವನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿಕೊಂಡವು. ನೋಡಿರಿ, ದ್ಯುಬುವಾ ಅವರ ಮಾತು ಸುಳ್ಳಾಯಿತು ಎಂದು ಜಯಂತಿಗಳಲ್ಲಿ ನಾವು ಹೇಳುವುದುಂಟು. ಈ ಬೆಳವಣಿಗೆಗೆ ದೇವರಿಗೆ ಕೃತಜ್ಞರಾಗಿರಬೇಕು. ಆದರೆ ಅದು ದ್ಯುಬುವಾ ಅವರಿಗೆ ಉತ್ತರವಾಗದು. ಈ ಧರ್ಮಪ್ರಾಂತ್ಯಗಳು ಹುಟ್ಟದೇ ಹೋಗಿದ್ದರೂ, ಆ ಇನ್ನೂರು ಮಂದಿಯಲ್ಲಿ ಇಪ್ಪತ್ತೇ ಮಂದಿ ಉಳಿದಿದ್ದರೂ, ದೊಡ್ಡಸ್ವಾಮಿ ಅವರಿಗೆ ಕೊಟ್ಟ ಪರಮಪ್ರಸಾದ ವ್ಯರ್ಥವಾಗುತ್ತಿರಲಿಲ್ಲ. ಮೇಲ್ವಿಚಾರಕರಲ್ಲಿ ಅಪೇಕ್ಷಿಸುವುದು ನಂಬಿಗಸ್ತಿಕೆಯನ್ನು ಎಂದು ಪೌಲರು ಹೇಳುವಾಗ ಫಲದ ಮಾತನ್ನು ಅವರು ದೇವರ ಪಾಲಿಗೆ ಬಿಟ್ಟಿದ್ದಾರೆ.

ನಮ್ಮ ಬೋಧನೆಗೆ

ಇಷ್ಟನ್ನು ಇಂದು ಬರೆಯಲು ಕಾರಣವಿದೆ. ಹೊಟ್ಟೆಪಾಡಿಗಾಗಿ ಮತ ಬಿಟ್ಟವರು ಎಂಬ ಚುಚ್ಚುಮಾತನ್ನು ನಮ್ಮ ದಲಿತ ಕ್ರೈಸ್ತರು ಇಂದಿಗೂ ಕೇಳುತ್ತಾರೆ. ಹೊರಗಿನವರು ಅದನ್ನು ಹೇಳಿದರೆ ಉತ್ತರಿಸಬಹುದು. ಅದೇ ಮಾತು ಇನ್ನೂರು ವರ್ಷಗಳ ಹಿಂದೆ ಅವರ ಯಾಜಕರ ಲೇಖನಿಯಿಂದಲೇ ಬಂದಿತ್ತೆಂಬುದನ್ನು ನಾವು ನೆನಪಿಡಬೇಕು. ಅಂಥ ಮಾತು ಇಂದು ಪುಸ್ತಕಗಳಲ್ಲಿ ಬರುವುದು ಕಡಿಮೆ. ಗುರುಗಳ ಕೂಟದ ಊಟದ ಮೇಜಿನಲ್ಲಿ, ವರ್ಗಾವಣೆಯ ಹೊತ್ತಿನಲ್ಲಿ ಹಿಂದಿನವರು ಮುಂದಿನವರಿಗೆ ಕೊಡುವ ಪಿಸುಮಾತಿನಲ್ಲಿ ಅದು ಬದುಕಿದೆ: ಆ ಊರಿನ ಜನ ಏನು ಮಾಡಿದರೂ ಸುಧಾರಿಸುವವರಲ್ಲ ಎಂದು. ಈ ಒಂದು ವಾಕ್ಯವನ್ನು ಕೇಳಿಸಿಕೊಂಡು ಹೋದ ಯುವ ಯಾಜಕರು ಮೊದಲ ಭಾನುವಾರದ ಪ್ರಬೋಧನೆಗೆ ಮುಂಚೆಯೇ ಅರ್ಧ ಸೋತಿರುತ್ತಾರೆ.

ಕಷ್ಟದಲ್ಲಿ ನಿಷ್ಠೆಯೆಂದರೆ ಹಲ್ಲುಕಚ್ಚಿ ತಾಳಿಕೊಳ್ಳುವುದು ಮಾತ್ರ ಎಂದು ಗುರುಮಠದಿಂದ ಹೊರಟ ಹೊಸದರಲ್ಲಿ ನಾವು ತಿಳಿದಿರುತ್ತೇವೆ. ದ್ಯುಬುವಾ ತಾಳಿಕೊಂಡರು, ಮೂವತ್ತು ವರ್ಷ. ತಾಳ್ಮೆಯಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಹೆಚ್ಚಿಲ್ಲ. ಅವರ ಪುಸ್ತಕ ಕಲಿಸುವ ಕಠಿಣ ಪಾಠವೆಂದರೆ, ತಾಳಿಕೊಳ್ಳುತ್ತಲೇ ಒಳಗೊಳಗೆ ಜನರ ಮೇಲಿನ ಮಮತೆಯನ್ನು ಕಳೆದುಕೊಳ್ಳುವುದು ಸಾಧ್ಯ ಎಂಬುದು. ಬಲಿಪೂಜೆ ತಪ್ಪುವುದಿಲ್ಲ, ರೋಗಿಗಳ ಭೇಟಿ ತಪ್ಪುವುದಿಲ್ಲ, ಪ್ರಬೋಧನೆಯೂ ತಪ್ಪುವುದಿಲ್ಲ. ಆದರೆ ಕೇಳುವವರು ಈ ಮಾತಿಗೆ ಯೋಗ್ಯರಲ್ಲವೆಂಬ ತೀರ್ಪು ಬೋಧಕರ ದನಿಯಲ್ಲಿ ಸೇರಿಕೊಳ್ಳುತ್ತದೆ. ಜನ ಅದನ್ನು ಗುರುತಿಸುತ್ತಾರೆ. ಅಕ್ಷರ ಬಾರದವರೂ ಗುರುತಿಸುತ್ತಾರೆ.

ಹಾಗಾದರೆ ಸೋಲನ್ನು ಎಲ್ಲಿ ಹೇಳಿಕೊಳ್ಳುವುದು? ಹೇಳಿಕೊಳ್ಳಬಾರದೆಂದಲ್ಲ. ಧರ್ಮಾಧ್ಯಕ್ಷರಿಗೆ ಕೊಡುವ ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯುವುದನ್ನು ದ್ಯುಬುವಾ ಅವರಿಂದ ಕಲಿಯಬೇಕು. ಆದರೆ ಸೋಲಿನ ಪೂರ್ತಿ ಅಳಲಿಗೆ ಬೇರೊಂದು ವಿಳಾಸವಿದೆ. ಪ್ರವಾದಿ ಯೆಶಾಯನ ನಲವತ್ತೊಂಬತ್ತನೆಯ ಅಧ್ಯಾಯದಲ್ಲಿ ದೇವರ ದಾಸನೂ ತಾನು ವ್ಯರ್ಥವಾಗಿ ದುಡಿದೆನೆಂದು, ಬಲವನ್ನೆಲ್ಲ ಶೂನ್ಯಕ್ಕೆ ಸುರಿದೆನೆಂದು ಹೇಳುತ್ತಾನೆ. ದ್ಯುಬುವಾ ಬರೆದದ್ದಕ್ಕಿಂತ ಇದು ಕಡಿಮೆ ಕಹಿಯದಲ್ಲ. ಆದರೆ ಅದೇ ಉಸಿರಿನಲ್ಲಿ ಅವನು ತನ್ನ ನ್ಯಾಯವನ್ನೂ ತನ್ನ ಪ್ರತಿಫಲವನ್ನೂ ದೇವರ ಕೈಗೆ ಒಪ್ಪಿಸುತ್ತಾನೆ. ಜನರ ಮೇಲೆ ಒಂದು ಆರೋಪವನ್ನೂ ಅಲ್ಲಿ ಹೊರಿಸುವುದಿಲ್ಲ. ದೇವರು ಅವನಿಗೆ ಕೊಡುವ ಉತ್ತರವೂ ಅಚ್ಚರಿಯದು: ಕೆಲಸವನ್ನು ಹಗುರಗೊಳಿಸುವ ಬದಲು ಎಲ್ಲ ಜನಾಂಗಗಳಿಗೆ ಬೆಳಕಾಗುವ ಇನ್ನೂ ದೊಡ್ಡ ಹೊಣೆಯನ್ನು ಅವನ ಮೇಲೆ ಇಡುತ್ತಾರೆ.

ನಮ್ಮ ಗುರುಮಠಗಳ ಪಠ್ಯದಲ್ಲಿ ಪತ್ರಗಳಿಗೆ ಸ್ಥಾನ ದೊರಕಬೇಕೆಂಬುದು ನನ್ನ ಸಲಹೆ. ಅದನ್ನು ಅಗಸ್ಟೀನರ ಕಿರುಗ್ರಂಥದೊಂದಿಗೆ, ಎರಡನೆಯ ಕೊರಿಂಥ ಪತ್ರದೊಂದಿಗೆ ಪಕ್ಕಪಕ್ಕದಲ್ಲಿ ಓದಿಸಬೇಕು. ದ್ಯುಬುವಾ ಅವರನ್ನು ಖಂಡಿಸುವುದಕ್ಕಾಗಿ ಈ ಓದು ಬೇಡ. ಅವರು ನಡೆದ ದಾರಿಯಲ್ಲಿ ನಡೆಯದವರಿಗೆ ಖಂಡಿಸುವ ಹಕ್ಕು ಸುಲಭವಾಗಿ ಬರುವುದಿಲ್ಲ. ಇಪ್ಪತ್ತು ಮನೆಗಳಿರುವ ಧರ್ಮಕೇಂದ್ರಕ್ಕೆ, ಭಾನುವಾರ ಹದಿನೈದು ಮಂದಿ ಕೂರುವ ದೇವಾಲಯಕ್ಕೆ ಹೊರಟುನಿಂತ ಗುರುವಿದ್ಯಾರ್ಥಿಗೆ ಒಂದು ಪ್ರಶ್ನೆಯನ್ನು ಮುಂಚಿತವಾಗಿ ಕೈಗೆ ಕೊಡುವುದಕ್ಕಾಗಿ ಬೇಕು. ಇಪ್ಪತ್ತೈದು ವರ್ಷಗಳ ನಂತರ ನೀವು ಈ ಹದಿನೈದು ಮಂದಿಯ ಬಗ್ಗೆ ಬರೆಯಲು ಕುಳಿತರೆ, ಅವರ ಹೆಸರುಗಳು ನಿಮಗೆ ನೆನಪಿರುತ್ತವೆಯೇ?